ಲಗ್ನಪತ್ರಿಕೆಯಲ್ಲಿದ್ದ ‘ದಿ.’

(ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಬೇಸಿಗೆಯ ಮದುವೆಗಳು ಶುರುವಾಗುವ ಮುನ್ನ ಸಿಂಧನೂರು ಸೀಮೆಯ ಯುವಕರೊಬ್ಬರು ರಾಯಚೂರಿನ ನನ್ನ ಸಮಾಲೋಚನೆಯ ಕೋಣೆಗೆ ಬಂದು, ಕುಳಿತುಕೊಳ್ಳುವ ಮೊದಲೇ ಮೇಜಿನ ಮೇಲೆ ಒಂದು ಲಗ್ನಪತ್ರಿಕೆಯ ಕರಡನ್ನು ಇಟ್ಟರು. ಅದು ಅವರ ತಮ್ಮನ ಮದುವೆಯದು. ತಂದೆಯ ಹೆಸರಿನ ಮುಂದೆ ‘ದಿ.’ ಎಂದಿತ್ತು, ಅವರು ತೀರಿಕೊಂಡು ಆರು ವರ್ಷವಾಗಿತ್ತು. ಪಕ್ಕದಲ್ಲಿದ್ದ ತಾಯಿಯ ಹೆಸರಿನ ಮುಂದೆಯೂ ಅದೇ ಅಕ್ಷರವಿತ್ತು.

“ಅವ್ವ ಅದಾಳ್ರಿ ಮೇಡಂ. ಎರಡು ತಾಸಿನ ಬಸ್ಸಿನ ದಾರಿ. ಸಿಸ್ಟರ್‌ಗಳ ಹತ್ರ ಅದಾಳ” ಎಂದರು. ಕನ್ಯೆಯ ಮನೆಯವರಿಗೆ ತಾಯಿ ತೀರಿಕೊಂಡಿದ್ದಾಳೆಂದು ಕಾಕಾ ಹೇಳಿಬಿಟ್ಟಿದ್ದರು, ತಮ್ಮ ಸುಮ್ಮನಿದ್ದ, ಮುದ್ರಣಾಲಯದವರು ಎರಡು ದಿನಗಳೊಳಗೆ ತಿದ್ದುಪಡಿ ಕೊಡಿರೆಂದು ಹೇಳಿದ್ದರು. ಇದು ಸರಿಯೋ ತಪ್ಪೋ ಎಂದು ಅವರು ನನ್ನನ್ನು ಕೇಳಲಿಲ್ಲ. ತಪ್ಪೆಂಬುದು ಗೊತ್ತಿದ್ದುದರಿಂದಲೇ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಕ್ಷರ ತೆಗೆಸಿದರೆ ಮದುವೆ ನಿಂತುಹೋಗುತ್ತದೆಯೇ, ತೆಗೆಸದಿದ್ದರೆ ತಾನು ಮಗನಾಗಿ ಉಳಿಯುತ್ತೇನೆಯೇ ಎಂಬುದು ಅವರ ಸಂಕಟವಾಗಿತ್ತು.

ಹಿಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದ ಆ ತಾಯಿಯ ಮುಂಗೈ ಮೇಲೆ ತಾಮ್ರವರ್ಣದ ಮಚ್ಚೆಯೊಂದು ಕಾಣಿಸಿಕೊಂಡಿತ್ತು. ಅದು ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ಅದೇ ಕಾರಣಕ್ಕೆ ಎರಡು ವರ್ಷ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಿರುಬೆರಳು, ಉಂಗುರ ಬೆರಳು ಮಡಚಿಕೊಂಡು ಅಂಗಾಲಿನಲ್ಲಿ ಹುಣ್ಣಾದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಕುಷ್ಠರೋಗವೆಂದು ಗೊತ್ತಾಗಿ, ಬಹುಔಷಧ ಚಿಕಿತ್ಸೆಯ 12 ತಿಂಗಳ ಮಾತ್ರೆಗಳು ಆರಂಭವಾದವು. ಆ ಮಾತ್ರೆಗಳಲ್ಲೊಂದಾದ ಕ್ಲೋಫಜಿಮಿನ್ ಚರ್ಮವನ್ನು ಕೆಲಕಾಲ ಕಪ್ಪಾಗಿಸುತ್ತದೆ. ಮದ್ದು ಕೆಲಸ ಮಾಡುತ್ತಿದ್ದ ಆ ತಿಂಗಳುಗಳಲ್ಲಿ ಮುಖ ಕಪ್ಪಾದುದನ್ನು ಕಂಡ ಓಣಿಯವರು ‘ದೊಡ್ಡ ರೋಗ’ ಏರುತ್ತಿದೆ ಎಂದು ತೀರ್ಮಾನಿಸಿದರು. ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸುವ ಗುರಿಯನ್ನು, ಅಂದರೆ ಹತ್ತು ಸಾವಿರ ಜನರಲ್ಲಿ ಒಂದಕ್ಕಿಂತ ಕಡಿಮೆ ಪ್ರಕರಣಕ್ಕೆ ಇಳಿಸುವುದನ್ನು, ದೇಶ ಸಾಧಿಸಿದ್ದು 2005ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಆಕೆಯ ಗಂಡ ಆಕೆಯನ್ನು ಕ್ರೈಸ್ತ ಧರ್ಮಭಗಿನಿಯರ (ಸಿಸ್ಟರ್‌ಗಳ) ಆಶ್ರಯಧಾಮದಲ್ಲಿ ‘ವಾಸಿ ಆಗೋತನಕ’ ಎಂದು ಬಿಟ್ಟು ಬಂದರು. ವಾಸಿಯಾಯಿತು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಹಾಗೆ 18 ವರ್ಷ ಕಳೆದವು.

ಮೊದಲ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಒಂದೇ: ಮುದ್ರಣವನ್ನು ಒಂದು ವಾರ ತಡೆಯಿರಿ, ಈ ವಾರದಲ್ಲಿ ತಾಯಿಯನ್ನು ಕಂಡು ಬನ್ನಿ, ಆದರೆ ಪತ್ರಿಕೆಯ ಮಾತನ್ನು ಅವರ ಮುಂದೆ ಎತ್ತಬೇಡಿ. ಒಬ್ಬರೇ ಹೋಗಲು ಧೈರ್ಯವಿಲ್ಲವೆಂದಾಗ ನಾನೂ ಜೊತೆಗೆ ಹೋದೆ.

ದಾರಿಯಲ್ಲಿ ಅವರು, “ಸಿಸ್ಟರ್‌ಗಳು ಚೊಲೋ ನೋಡ್ಕೊಂತಾರ, ಮನ್ಯಾಗ ನಮಗ ಅಷ್ಟು ಮಾಡಾಕ ಆಗೂದಿಲ್ಲ” ಎಂದು ನಾಲ್ಕೈದು ಸಲ ಹೇಳಿದರು. ಆ ಮಾತು ಸುಳ್ಳಲ್ಲ. ಆದರೆ ಅದರ ಹಿಂದೆ ಒಂದು ಕುಟುಂಬವೇ ಅಡಗಿ ಕುಳಿತಿದೆ ಎಂದು ನನಗೆ ಅನ್ನಿಸಿದ್ದು ಆಗಲೇ. ಈ ನಾಡಿನಲ್ಲಿ ಕುಷ್ಠಪೀಡಿತರನ್ನು ಬೇರೆಯವರು ಮುಟ್ಟಲಂಜುತ್ತಿದ್ದ ಕಾಲದಲ್ಲಿ ಮಿಷನರಿಗಳು ಮುಟ್ಟಿದರು. ಉತ್ತರ ಭಾರತದ ಅಂಬಾಲದಲ್ಲಿ ಶಿಕ್ಷಕರಾಗಿದ್ದ ಐರ್ಲೆಂಡಿನ ವೆಲ್ಲೆಸ್ಲಿ ಬೇಯ್ಲಿ, ರೋಗಿಗಳ ಗುಡಿಸಲುಗಳನ್ನು ಕಂಡು 1874ರಲ್ಲಿ ಅವರಿಗಾಗಿಯೇ ಒಂದು ಮಿಷನ್ ಸ್ಥಾಪಿಸಿದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನು ತೆರೆದರು. ಗುಣಪಡಿಸುವ ಮದ್ದೇ ಇಲ್ಲದಿದ್ದ ಆ ಕಾಲದಲ್ಲಿ ಗಾಯ ತೊಳೆಯುವುದು, ಊಟ ಹಾಕುವುದು, ಸತ್ತರೆ ಮಣ್ಣು ಮಾಡುವುದು ಇವೇ ಚಿಕಿತ್ಸೆಯಾಗಿದ್ದವು. ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಅನೇಕ ಆಶ್ರಯಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆ ಇರಿಸುತ್ತಿದ್ದರು, ರೋಗವಿಲ್ಲದ ಮಕ್ಕಳನ್ನು ತಾಯಂದಿರಿಂದ ದೂರ ಬೆಳೆಸುತ್ತಿದ್ದರು, ಬಡ ರೋಗಿಗಳನ್ನು ಹಿಡಿದು ಆಶ್ರಯಗಳಲ್ಲಿಡಲು 1898ರ ಕಾಯ್ದೆ ಅವಕಾಶ ಕೊಟ್ಟಿತ್ತು, ಅದು ರದ್ದಾದದ್ದು 2016ರಲ್ಲಿ. ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಮೇಲೆ ರೋಗ ಗುಣವಾಗತೊಡಗಿತು. ಮನೆಗೆ ಮರಳುವ ದಾರಿಗೆ ಮಾತ್ರ ಮಾತ್ರೆಗಳಿರಲಿಲ್ಲ.

ಆಶ್ರಯಧಾಮದ ಜಗುಲಿಯಲ್ಲಿ ತಾಯಿ ಕುಳಿತಿದ್ದರು, ಹಣೆಯ ಮೇಲೆ ವಿಭೂತಿ ಇತ್ತು. ಮಗನನ್ನು ಕಂಡು ಅಳಲಿಲ್ಲ, “ಸೊರಗೀಯಲ್ಲೋ” ಎಂದರು. ‘ಆಕಿ ಕ್ರಿಶ್ಚಿಯನ್ ಆಗ್ಯಾಳ’ ಎಂಬ ಕಾಕಾನ ಮಾತು ಮಗನ ತಲೆಯಲ್ಲಿ ಇದ್ದುದರಿಂದ ನಾನೇ ಕೇಳಿದೆ. “ಸಂಜೀಕ ಸಿಸ್ಟರ್ ಹಾಡು ಹೇಳ್ತಾರ, ನಾನೂ ದನಿಗೂಡಿಸ್ತೀನಿ. ಮಲಗೋ ಮುಂದ ಬಸವಣ್ಣನ್ನ ನೆನೀತೀನಿ. ಇಬ್ಬರಿಗೂ ನನ್ನ ಮ್ಯಾಲ ಸಿಟ್ಟಿಲ್ಲ ಯವ್ವಾ” ಎಂದು ಉತ್ತರ ಬಂತು. ಆ ವಿಷಯವನ್ನು ಮುಂದೆ ಯಾವ ಭೇಟಿಯಲ್ಲೂ ಎತ್ತುವ ಅಗತ್ಯ ಬೀಳಲಿಲ್ಲ.

ಮನೆಗೆ ಕರೆದೊಯ್ಯುವ ಮಾತು ಬಂದಾಗ ವಿರೋಧಿಸಿದವರು ಸಿಸ್ಟರ್. ಕರಾವಳಿಯಿಂದ ಬಂದು ಮೂವತ್ತು ವರ್ಷ ಇಲ್ಲಿಯೇ ಸವೆಸಿದ ಹಿರಿಯರು ಅವರು. ಮೊದಲಿಗೆ ನನಗೆ ಅದು ಮಮತೆಯ ಹಟದಂತೆ ಕಂಡಿತು. ಆದರೆ ಅವರ ಆಕ್ಷೇಪಣೆಯಲ್ಲಿ ತಿರುಳಿತ್ತು: “ಹಿಂದೆ ಒಬ್ಬರನ್ನು ಮನೆಗೆ ಕಳುಹಿಸಿದೆವು. ಎರಡೇ ತಿಂಗಳಲ್ಲಿ ಹುಣ್ಣು ಮೂಳೆಗೆ ಇಳಿದು ಹಿಂದಿರುಗಿದರು. ಇವರ ಅಂಗಾಲನ್ನು ದಿನವೂ ಅಲ್ಲಿ ಯಾರು ನೋಡುತ್ತಾರೆ?”

ಕುಷ್ಠರೋಗದಲ್ಲಿ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂಬ ನಂಬಿಕೆ ತಪ್ಪೆಂಬುದನ್ನು ವೆಲ್ಲೂರಿನಲ್ಲಿ ದುಡಿದ ಮಿಷನರಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ನರ ಸತ್ತು ನೋವು ಇಲ್ಲವಾಗುವುದೇ ಅಲ್ಲಿನ ಕೇಡು. ಮುಳ್ಳು ಚುಚ್ಚಿದರೂ ಕೆಂಡ ತಗುಲಿದರೂ ಗೊತ್ತಾಗದೆ, ಅದೇ ಕಾಲಿನ ಮೇಲೆ ನಡೆಯುತ್ತಾ ಹೋಗುವುದರಿಂದ ಅಂಗ ಸವೆಯುತ್ತದೆ. ರೋಗಾಣು ಸತ್ತರೂ ಸತ್ತ ನರ ಮರಳುವುದಿಲ್ಲವಾದ್ದರಿಂದ ಕಾಲಿನ ಆರೈಕೆ ಜೀವಮಾನದ ಕೆಲಸ. ಹಾಗಾದರೆ ಈ ತಾಯಿ ಅದನ್ನು ಹೇಗೆ ಮಾಡಿಕೊಳ್ಳುತ್ತಾರೆ ಎಂದು ಕೇಳಿದೆ. ಉತ್ತರ ಕೇಳಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಅವರು ಮಾಡಿಕೊಳ್ಳುತ್ತಿರಲಿಲ್ಲ. ಪ್ರತಿ ಸಂಜೆ ಬೇಸಿನ್‌ನಲ್ಲಿ ನೀರು ತುಂಬಿ, ಅವರ ಪಾದಗಳನ್ನು ನೆನೆಸಿ, ಒರಟಾದ ಚರ್ಮವನ್ನು ಉಜ್ಜಿ ತೆಗೆದು, ಎಣ್ಣೆ ಹಚ್ಚಿ, ಗಾಯ ಹುಡುಕುತ್ತಿದ್ದವರು ಸಿಸ್ಟರ್. 18 ವರ್ಷಗಳ ಆ ಸೇವೆಯನ್ನು ಕಡಿಮೆಯೆಂದು ಹೇಳುವ ನಾಲಗೆ ನನಗಿಲ್ಲ. ಆದರೂ ಆ ಪ್ರೀತಿಯೇ ಆಕೆಯನ್ನು ತನ್ನ ಕಾಲನ್ನು ತಾನು ನೋಡಿಕೊಳ್ಳಲಾರದ ಹಾಗೆ ಮಾಡಿತ್ತು ಎಂಬುದನ್ನು ಅವರಿಗೆ ಹೇಳಲೇಬೇಕಾಯಿತು. ಮುಂದಿನ ಮೂರು ವಾರ ನೀವು ಪಕ್ಕದಲ್ಲಿ ಕುಳಿತಿರಿ, ಕೈ ಹಚ್ಚಬೇಡಿ. ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುವುದನ್ನು ಅವರಿಗೇ ಕಲಿಸಿ ಎಂದು ಕೇಳಿಕೊಂಡೆ. ಒಪ್ಪಿದರು. ಎರಡನೆಯ ಸಲ ನಾನು ಹೋದಾಗ ಆ ಹಿರಿಯ ಸಿಸ್ಟರ್ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕುಳಿತಿದ್ದರು. ತಾಯಿ ಮಡಚಿದ ಬೆರಳುಗಳಿಂದ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದರು.

ಮನೆಯಲ್ಲಿ ಸೊಸೆಗೆ, ಅಂದರೆ ಈ ಯುವಕರ ಹೆಂಡತಿಗೆ, ಒಂದು ವರ್ಷದ ಕೂಸಿತ್ತು. ಆಕೆಯ ಭಯವನ್ನು ನಾನು ಮೌಢ್ಯವೆಂದು ತಳ್ಳಿಹಾಕಲಿಲ್ಲ; ಅದಕ್ಕೆ ಉತ್ತರ ಬೇಕಿತ್ತು, ಬೈಗುಳವಲ್ಲ. ಚಿಕಿತ್ಸೆ ಪಡೆಯದ ರೋಗಿಯೊಡನೆ ಬಹುಕಾಲದ ನಿಕಟ ಒಡನಾಟವಿದ್ದಾಗ, ಉಸಿರಿನ ಹನಿಗಳ ಮೂಲಕ ಇದು ಹರಡುತ್ತದೆ, ಬಹುತೇಕ ಜನರ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ, ಚಿಕಿತ್ಸೆ ಶುರುವಾದ ಮೇಲೆ ಹರಡುವಿಕೆ ಬೇಗನೆ ನಿಲ್ಲುತ್ತದೆ, ವಂಶಪಾರಂಪರ್ಯವಾಗಿ ಬರುವುದಿಲ್ಲ. ಆದ್ದರಿಂದ ಅತ್ತೆಯಿಂದ ಕೂಸಿಗೆ ಅಪಾಯವಿಲ್ಲ. ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು ಚಿಕಿತ್ಸೆಗೆ ಮುನ್ನ ತಾಯಿಯ ಮಗ್ಗುಲಲ್ಲಿ ಮಲಗುತ್ತಿದ್ದ ಇಬ್ಬರು ಗಂಡುಮಕ್ಕಳು, ಏಕೆಂದರೆ ರೋಗ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷವೂ ಹಿಡಿಯಬಹುದು ಎಂದು ಹೇಳಿದಾಗ ಆಕೆ ಗಂಡನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಇಬ್ಬರನ್ನೂ ವೈದ್ಯರು ಪರೀಕ್ಷಿಸಿದರು; ಏನೂ ಇರಲಿಲ್ಲ.

ಮದುವೆಗೆ ಮೊದಲು ಎರಡು ದಿನದ ಮಟ್ಟಿಗೆ ತಾಯಿ ಮನೆಗೆ ಬಂದು ಹೋದರು. ಆಗ ನಡೆದ ಒಂದು ಸಂಗತಿ ಎಲ್ಲವನ್ನೂ ಕೆಡಿಸುವುದರಲ್ಲಿತ್ತು. ರೊಟ್ಟಿ ಬಡಿಯಲು ಅವರು ಒಲೆಯ ಮುಂದೆ ಕುಳಿತಾಗ ಸೊಸೆ ಬಂದು ಹಂಚಿನ ಮೇಲಿದ್ದ ರೊಟ್ಟಿಯನ್ನು ಕಸಿದುಕೊಂಡಂತೆ ತೆಗೆದಳು. ‘ನನ್ನ ಕೈರೊಟ್ಟಿ ತಿನ್ನಾಕ ಹೇಸ್ತಾಳ’ ಎಂದು ತಾಯಿ ಆ ರಾತ್ರಿ ಊಟ ಬಿಟ್ಟರು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದಾಗ ತಿಳಿದದ್ದೇ ಬೇರೆ: ರೊಟ್ಟಿ ಮಗುಚುವಾಗ ಸ್ಪರ್ಶವಿಲ್ಲದ ಬೆರಳು ಹಂಚಿನ ಮೇಲೆಯೇ ಊರಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ, ಬೆಂಕಿಯಿಂದ ದೂರವಿಡಬೇಕೆಂದು ಸಿಸ್ಟರ್ ಹೇಳಿದ್ದು ನೆನಪಾಗಿ ಸೊಸೆ ಗಾಬರಿಯಾಗಿದ್ದಳು. ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿತ್ತು. ಹಿಟ್ಟು ನಾದಿ ಬಡಿಯುವುದು ಅತ್ತೆಯದು, ಹಂಚು ಸೊಸೆಯದು ಎಂದು ಅವರೇ ಪಾಲು ಮಾಡಿಕೊಂಡರು. ನಾನು ಸೇರಿಸಿದ್ದು ಎರಡೇ ಮಾತು: ಬಿಸಿ ಪಾತ್ರೆಗೆ ದಪ್ಪ ಬಟ್ಟೆ ಬಳಸಬೇಕು, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮ್ಮ ರೂಢಿ ಈ ಪಾದಗಳಿಗೆ ಆಗಿಬರುವುದಿಲ್ಲ, ಆದ್ದರಿಂದ ಮೆತ್ತನೆಯ ಎಂಸಿಆರ್ (ಸೂಕ್ಷ್ಮರಂಧ್ರಗಳ ರಬ್ಬರಿನ) ಚಪ್ಪಲಿಯ ಇನ್ನೊಂದು ಜೊತೆಯನ್ನು ಒಳಗಿನ ಬಳಕೆಗೆಂದೇ ಇಡಬೇಕು. ದೇವರ ಮನೆಯ ಮುಂದೆ ಚಪ್ಪಲಿಯೇ ಎಂದು ತಾಯಿಯೇ ಎಲ್ಲರಿಗಿಂತ ಹೆಚ್ಚು ಹಿಂಜರಿದರು.

ಉಳಿದದ್ದು ಬೀಗರ ಮಾತು. ಮುಂದೆಂದಾದರೂ ಇದೇ ನೆಪದಲ್ಲಿ ಮದುವೆ ಮುರಿದರೆ ಎಂಬುದು ತಮ್ಮನ ಹೆದರಿಕೆ. ಗಂಡ ಅಥವಾ ಹೆಂಡತಿಗೆ ಸ್ವತಃ ಕುಷ್ಠರೋಗ ಬಂದರೂ ಅದನ್ನು ವಿಚ್ಛೇದನಕ್ಕೆ ಕಾರಣವಾಗಿ ಹೇಳುವಂತಿಲ್ಲವೆಂದು 2019ರಲ್ಲಿ ಕಾನೂನು ತಿದ್ದುಪಡಿಯಾಗಿದೆ. ಅತ್ತೆಗೆ ಎಂದೋ ಬಂದು ವಾಸಿಯಾದದ್ದು ಯಾವ ಲೆಕ್ಕ ಎಂದು ವಿವರಿಸಿದೆ. ಆದರೆ ಕಾನೂನನ್ನು ಕೈಯಲ್ಲಿ ಹಿಡಿದು ಬೀಗರ ಮನೆಗೆ ಹೋಗಬೇಡಿ ಎಂದೂ ಎಚ್ಚರಿಸಿದೆ. ಅವರನ್ನು ನೋಯಿಸುವುದು ರೋಗಕ್ಕಿಂತ ಹೆಚ್ಚಾಗಿ, ಬದುಕಿರುವ ತಾಯಿಯನ್ನು ಸತ್ತಳೆಂದ ಸುಳ್ಳು. ಆ ಸುಳ್ಳನ್ನು ಮದುಮಗನೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಅಣ್ಣ ಜೊತೆಗಿರಬೇಕು, ಚಿಕಿತ್ಸೆ ಪೂರ್ಣಗೊಂಡ ಕಾಗದ ಕೈಯಲ್ಲಿರಬೇಕು, ಕಾಕಾನ ಮೇಲೆ ಹೊರಿಸಬಾರದು. ಇದು ನನ್ನ ಸಲಹೆಗಳಲ್ಲಿ ಅವರಿಗೆ ಅತ್ಯಂತ ಕಹಿಯಾದದ್ದು. ತಮ್ಮ ನನ್ನ ಮೇಲೆ ಸಿಟ್ಟಾಗಿ ಒಂದು ಭೇಟಿಗೆ ಬರಲಿಲ್ಲ.

ಕೊನೆಗೆ ಹೋದರು. ಕನ್ಯೆಯ ತಂದೆ ಒಂದು ವಾರದ ಸಮಯ ಕೇಳಿ, ತಾವೇ ಸರ್ಕಾರಿ ವೈದ್ಯರೊಬ್ಬರನ್ನು ಕಂಡು ವಿಚಾರಿಸಿ ಬಂದು, ಮದುವೆ ನಡೆಯಲಿ ಎಂದರು. ಕನ್ಯೆಯ ಸೋದರಮಾವ ಮದುವೆಗೆ ಬರಲಿಲ್ಲ. ಇವರ ಕಾಕಾ ಬಂದರೂ ಊಟ ಮಾಡಲಿಲ್ಲ. ತಾಯಿ ಎರಡನೆಯ ಸಾಲಿನಲ್ಲಿ ಕುಳಿತು ಅಕ್ಷತೆ ಹಾಕಿದರು. ಪತ್ರಿಕೆಯಲ್ಲಿ ‘ದಿ.’ ತಂದೆಯ ಹೆಸರಿಗೆ ಮಾತ್ರ ಇತ್ತು.

ಆ ಬಳಿಕ ಅವರು ಮನೆಯಲ್ಲಿ 19 ದಿನ ಇದ್ದರು. ಎಡಗಾಲಿನಲ್ಲಿ ಎದ್ದ ನೀರುಗುಳ್ಳೆಯನ್ನು ಕನ್ನಡಿಯಲ್ಲಿ ತಾವೇ ಕಂಡು, ಮಗನಿಗೆ ಹೇಳಿ, ಬಸ್ಸು ಹತ್ತಿ ಸಿಸ್ಟರ್ ಬಳಿಗೆ ಹೋಗಿ ಎಂಟು ದಿನ ಪಟ್ಟಿ ಹಾಕಿಸಿಕೊಂಡು ಮರಳಿದರು. ಆಶ್ರಯಧಾಮ ಅವರಿಗೆ ಇನ್ನು ಮುಂದೆ ಹೀಗೆ ಹೋಗಿಬರುವ ಜಾಗವಾಗಿರಲಿ ಎಂದು ಸಿಸ್ಟರ್ ಮತ್ತು ನಾನು ಒಪ್ಪಿಕೊಂಡಿದ್ದೇವೆ. ಗಂಡ ಬದುಕಿದ್ದಾಗಲೇ ತೆಗೆಸಿಹಾಕಿದ್ದ ಅವರ ಹೆಸರನ್ನು ರೇಷನ್ ಕಾರ್ಡಿಗೆ ಮತ್ತೆ ಸೇರಿಸಲು ಅರ್ಜಿ ಕೊಡಿಸಿದ್ದೇನೆ; ಕುಷ್ಠರೋಗದಿಂದ ಗುಣಮುಖರಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಳಗೊಂಡಿರುವುದರಿಂದ ಆ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿಸಿದ್ದೇನೆ. ಎರಡೂ ಇನ್ನೂ ಬಂದಿಲ್ಲ.

ಕಳೆದ ಭೇಟಿಯಲ್ಲಿ ಸೊಸೆ ಚಹಾ ತಂದಳು. ಎಲ್ಲರ ಲೋಟಗಳು ಒಂದು ತಟ್ಟೆಯಲ್ಲಿದ್ದವು, ಅತ್ತೆಯದು ಮಾತ್ರ ಬೇರೆ, ಅಂಚಿಗೆ ಕೆಂಪು ದಾರ ಸುತ್ತಿದ್ದು. ನಾನು ನೋಡಿದ್ದನ್ನು ಆಕೆ ನೋಡಿದಳು. ಅತ್ತೆಯ ಎದುರು ಅದನ್ನು ಕೇಳಲಿಲ್ಲ. ಮುಂದಿನ ತಿಂಗಳು ಆಕೆಯೊಬ್ಬಳೇ ಬರಲು ದಿನ ಕೊಟ್ಟಿದ್ದೇನೆ.