ಮಾತ್ರೆ ಬಿಟ್ಟು ಗಿಡಮೂಲಿಕೆ ಹಿಡಿಯಲೇ?

ಪ್ರಶ್ನೆ: ನನಗೆ 36 ವರ್ಷ, ಶಿಕ್ಷಕಿ. ಖಿನ್ನತೆಗಾಗಿ ಐದು ತಿಂಗಳಿಂದ ಎಸಿಟಲೋಪ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ನಿದ್ದೆ ಬರುತ್ತಿದೆ, ಮಕ್ಕಳ ಮುಂದೆ ನಿಂತು ಪಾಠ ಮಾಡಲು ಆಗುತ್ತಿದೆ. ಆದರೆ ಜೀವನವಿಡೀ ಮಾತ್ರೆಗೆ ಅಂಟಿಕೊಳ್ಳಬೇಕಾದೀತೆಂಬ ಹೆದರಿಕೆ. ನನ್ನ ಅಕ್ಕ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಕ್ಯಾಪ್ಸೂಲ್ ಕಳಿಸಿದ್ದಾಳೆ. ‘ಬರೀ ಗಿಡದ್ದು, ಏನೂ ಆಗುವುದಿಲ್ಲ’ ಎನ್ನುತ್ತಾಳೆ. ಸ್ವಲ್ಪ ದಿನ ಎರಡನ್ನೂ ಒಟ್ಟಿಗೆ ತೆಗೆದುಕೊಂಡು, ಆಮೇಲೆ ಮಾತ್ರೆ ಬಿಡಬಹುದೇ? ಗರ್ಭನಿರೋಧಕ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ವೈದ್ಯರನ್ನು ಕೇಳಲು ಸಂಕೋಚ.
– ಹೆಸರು ಬೇಡ

ಉತ್ತರ: ಆ ಡಬ್ಬಿಯನ್ನು ಇನ್ನೂ ತೆರೆದಿಲ್ಲವಾದರೆ ದಯವಿಟ್ಟು ತೆರೆಯಬೇಡಿ. ಈಗಾಗಲೇ ಶುರು ಮಾಡಿದ್ದರೆ ಇಂದೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಕಾರಣವನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮ ಅಕ್ಕ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಹಳದಿ ಹೂ ಬಿಡುವ ಈ ಗಿಡದ ಮೇಲೆ ನಡೆದಷ್ಟು ಅಧ್ಯಯನ ಖಿನ್ನತೆಗೆಂದು ಹೇಳುವ ಬೇರೆ ಮೂಲಿಕೆಗಳ ಮೇಲೆ ನಡೆದಿಲ್ಲ. 2008ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 29 ಅಧ್ಯಯನಗಳನ್ನು, 5,489 ಜನರ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡಿತು. ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಇದು ಮೇಲು, ಖಿನ್ನತೆಯ ಮಾತ್ರೆಗಳಿಗೆ ಹೆಚ್ಚುಕಡಿಮೆ ಸಮ ಎಂದು ಕಂಡಿತು. ಇನ್ನೊಂದೆಡೆ, 2002ರಲ್ಲಿ ಅಮೆರಿಕದಲ್ಲಿ 340 ಜನರ ಮೇಲೆ ನಡೆದ ಅಧ್ಯಯನದಲ್ಲಿ ಮುಖ್ಯ ಅಳತೆಗಳಲ್ಲಿ ಇದು ಹುಸಿಮಾತ್ರೆಯನ್ನು ಮೀರಲಿಲ್ಲ. ಹೋಲಿಕೆಗೆಂದು ಕೊಟ್ಟಿದ್ದ, ಖಿನ್ನತೆಗೆ ಬಳಕೆಯಲ್ಲಿರುವ ಸರ್ಟ್ರಲೀನ್ ಮಾತ್ರೆಯೂ ಮೀರಲಿಲ್ಲ! ಇಷ್ಟೆಲ್ಲ ನೋಡಿದ ಮೇಲೆ, ಈ ಗಿಡದಲ್ಲಿ ಸತ್ವವಿದೆ ಎಂದು ನಾನು ನಂಬುತ್ತೇನೆ. ನನ್ನ ಭಯವೂ ಅದರಿಂದಲೇ. ಸತ್ವವಿಲ್ಲದ ಪುಡಿಯಾಗಿದ್ದರೆ ಅದು ನಿಮ್ಮ ಮಾತ್ರೆಯ ತಂಟೆಗೆ ಬರುತ್ತಿರಲಿಲ್ಲ.

ನಿಮ್ಮ ಮಾತ್ರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ. ಈ ಗಿಡವೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಅಳತೆ ಮೀರಬಹುದು. ಹಲವು ವರ್ಷಗಳ ಹಿಂದೆ ನನ್ನ ಬಳಿ ಬಂದ ಒಬ್ಬರು ನೀರಿನ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದರು, ಆದರೂ ನೀರು ತುಳುಕುತ್ತಿತ್ತು. ಫ್ಯಾನಿನ ಕೆಳಗೆ ಕೂತಿದ್ದರೂ ಅಂಗಿ ಬೆವರಿಗೆ ಒದ್ದೆ. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗ ಇಲ್ಲವೆಂದರು. ಹೊರಡುವಾಗ ಬಾಗಿಲ ಬಳಿ ತಿರುಗಿ ನಿಂತು, ‘ಗಿಡದ್ದು ಒಂದಿದೆ, ಅದು ಔಷಧವಲ್ಲವಲ್ಲ?’ ಎಂದರು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದೆವು, ಚೇತರಿಸಿಕೊಂಡರು. ಅಂದಿನಿಂದ ನಾನು ‘ಬೇರೆ ಔಷಧ’ ಎಂಬ ಮಾತು ಬಿಟ್ಟಿದ್ದೇನೆ. ‘ಬಾಯಿಗೆ ಹಾಕಿಕೊಳ್ಳುವ ಪುಡಿ, ಕಷಾಯ, ಕ್ಯಾಪ್ಸೂಲ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ’ ಎನ್ನುತ್ತೇನೆ.

ಗರ್ಭನಿರೋಧಕ ಮಾತ್ರೆಯ ವಿಷಯ ನೀವೇ ಬರೆದದ್ದು ಒಳ್ಳೆಯದಾಯಿತು. ಈ ಗಿಡದಲ್ಲಿರುವ ಹೈಪರ್‌ಫೊರಿನ್ ಎಂಬ ಅಂಶ, ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆಗ ಗರ್ಭನಿರೋಧಕ ಮಾತ್ರೆ ಬೇಗ ಕರಗಿಹೋಗಿ ಕೆಲಸ ಮಾಡದಿರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ಗೂ ಇದೇ ಗತಿ. 2000ದಲ್ಲಿ ವರದಿಯಾದ ಎರಡು ಪ್ರಕರಣಗಳಲ್ಲಿ, ಬದಲಿ ಹೃದಯ ಪಡೆದವರು ಈ ಮೂಲಿಕೆ ತೆಗೆದುಕೊಂಡರು. ಬದಲಿ ಅಂಗವನ್ನು ದೇಹ ಒಪ್ಪಿಕೊಳ್ಳಲೆಂದು ಕೊಡುವ ಸೈಕ್ಲೋಸ್ಪೋರಿನ್ ಔಷಧದ ಪ್ರಮಾಣ ಅವರ ರಕ್ತದಲ್ಲಿ ಕುಸಿದು, ದೇಹ ಆ ಹೃದಯವನ್ನೇ ತಿರಸ್ಕರಿಸಲು ಶುರು ಮಾಡಿತು.

ಗಿಡದ್ದೆಲ್ಲ ಮನಸ್ಸಿಗೆ ಹಿತ ಎನ್ನುವವರಿಗೆ ನಾನು ಸರ್ಪಗಂಧದ ಕಥೆ ಹೇಳುತ್ತೇನೆ. 1952ರಲ್ಲಿ ಅದರ ಬೇರಿನಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು, ರಕ್ತದೊತ್ತಡ ಇಳಿಸಲು ಕೊಟ್ಟರು. ತೆಗೆದುಕೊಂಡವರಲ್ಲಿ ಕೆಲವರು ಖಿನ್ನರಾದರೆಂದು ವೈದ್ಯರು ಬರೆದಿಟ್ಟರು. ಖಿನ್ನತೆಗೂ ಮೆದುಳಿನ ರಾಸಾಯನಿಕಗಳಿಗೂ ನಂಟಿರಬಹುದೆಂಬ ಯೋಚನೆಗೆ ಅದೂ ಒಂದು ದಾರಿಯಾಯಿತು.

ಇನ್ನು ನಿಮ್ಮ ಹೆದರಿಕೆ. ಎಸಿಟಲೋಪ್ರಾಮ್ ಚಟ ಹಿಡಿಸುವ ಮಾತ್ರೆಯಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತುತ್ತದೆ, ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತದೆ, ಸಣ್ಣ ವಿಷಯಕ್ಕೂ ಅಳು ಬರುತ್ತದೆ. ಆದ್ದರಿಂದ ಹಂತಹಂತವಾಗಿ ಇಳಿಸಬೇಕು. ಸಾಮಾನ್ಯವಾಗಿ ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ಇಳಿಸುತ್ತೇವೆ. ನೀವು ಪಾಠ ಮಾಡಲು ನಿಂತಿದ್ದೀರಿ, ನಿದ್ದೆ ಮರಳಿದೆ. ಆ ಚೇತರಿಕೆ ಇನ್ನೂ ಎಳೆಯದು, ಅದನ್ನು ಈಗ ಅಲುಗಾಡಿಸಬೇಡಿ. ನಡುವೆ ಸಾವಿನ ಯೋಚನೆ ಸುಳಿದರೆ ಮುಂದಿನ ಭೇಟಿಯವರೆಗೆ ಕಾಯದೆ, ಅದೇ ದಿನ ಮನೆಯವರಿಗೂ ವೈದ್ಯರಿಗೂ ಹೇಳಿ.

ಸಂಕೋಚವಾಗುತ್ತದೆ ಎಂದಿದ್ದೀರಿ. ಆ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ, ಕೂತ ಕೂಡಲೇ ವೈದ್ಯರ ಮೇಜಿನ ಮೇಲಿಡಿ. ‘ಅಕ್ಕ ಕೊಟ್ಟಳು, ನನಗೆ ಮಾತ್ರೆ ಬಿಡುವ ಆಸೆ’ ಎಂದಷ್ಟೇ ಹೇಳಿ. ಉಳಿದ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.