ಅಟ್ಟದ ಮೇಲಿನ ಏರ್ ಗನ್‌ಗಳು

ಖಂಡೇ ಪೂಜೆಯ ದಿನ ಆ ಮನೆಯಲ್ಲಿ ಕುಡುಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ನಡುವೆ ಮನೆ ಯಜಮಾನರ ತಂದೆ ಬಳಸುತ್ತಿದ್ದ 12 ಬೋರಿನ ಡಬಲ್ ಬ್ಯಾರಲ್ ಬಂದೂಕು. ಪಕ್ಕದಲ್ಲಿ ಎರಡು ಏರ್ ಗನ್. ಮನೆಯಾಕೆ ಕುಂಕುಮ ಹಚ್ಚುತ್ತಿದ್ದಾಗ ಒಂಬತ್ತು ವರ್ಷದ ಮಗ ಕೇಳಿದ: "ಅಪ್ಪಾ, ಅಟ್ಟದ ಮ್ಯಾಲಿನವು ಯಾಕ ಇಟ್ಟಿಲ್ಲ?"

ಅಟ್ಟ ಹತ್ತಿ ನೋಡಿದರೆ ಹಳೇ ಕೌದಿಯಲ್ಲಿ ಸುತ್ತಿಟ್ಟ ಇನ್ನೂ ಒಂಬತ್ತು ಏರ್ ಗನ್ ಸಿಕ್ಕವು. ಅದರಲ್ಲಿ ಮೂರರ ಡಬ್ಬಿ ಒಡೆದೇ ಇರಲಿಲ್ಲ.

ದಸರಾ ಮುಗಿದ ಮರುವಾರ ಗಂಡ ಹೆಂಡತಿ ಇಬ್ಬರೂ ಬಾಗಲಕೋಟೆಗೆ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಸುಮ್ನೆ ಗೌಡರು ಎಂದು ಕರೆಯೋಣ. ಮುಧೋಳ ಕಡೆಯ ಒಂದು ಹಳ್ಳಿ, 42 ವರ್ಷ, ಒಂಬತ್ತು ಎಕರೆ ಕಬ್ಬು.

ಮೊದಲು ಮಾತಾಡಿದ್ದು ಅವರ ಹೆಂಡತಿ. "ಕುಡಿಯೂದಿಲ್ಲ, ಇಸ್ಪೀಟ್ ಆಡೂದಿಲ್ಲ ಅಂತ ಊರೆಲ್ಲಾ ಹೊಗಳ್ತೈತ್ರಿ. ಮಗಳ ಕಾಲೇಜಿನ ಫೀ ಎರಡನೇ ಕಂತು ಕಟ್ಟಿಲ್ರಿ ಇನ್ನೂ. ಸೊಸೈಟಿಯಾಗ 80,000 ಸಾಲ ತಗದಾರ. ನನಗ ಗೊತ್ತಾಗಿದ್ದ ಮೊನ್ನೆ."

ಗೌಡರು ತಲೆ ಎತ್ತಲಿಲ್ಲ. ಆಮೇಲೆ ನಿಧಾನಕ್ಕೆ ಅಂದರು: "ಕಾನೂನು ಬಿಟ್ಟು ಒಂದೂ ತಗೊಂಡಿಲ್ರಿ ಮೇಡಮ್ಮರ."

ಅದು ನಿಜವೇ. ನಮ್ಮ ದೇಶದಲ್ಲಿ ನಿಜವಾದ ಬಂದೂಕುಗಳನ್ನು ಮನಸ್ಸಿಗೆ ಬಂದಷ್ಟು ಕೂಡಿಡಲು ಆಗುವುದಿಲ್ಲ. ಆರ್ಮ್ಸ್ ಆ್ಯಕ್ಟಿಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸ್‌ದಾರರು ಇಟ್ಟುಕೊಳ್ಳಬಹುದಾದದ್ದು ಎರಡೇ. ಮೊದಲು ಮೂರಿತ್ತು. ಆದರೆ 4.5 ಮಿಲಿಮೀಟರಿನ, 20 ಜೌಲ್ ಶಕ್ತಿ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಹಾಗಾಗಿ ಬಂದೂಕಿನ ಹುಚ್ಚಿದ್ದವರ ಕೈ ಹೋಗುವುದು ಅಲ್ಲಿಗೇ. ಒಂದು 5,000ಕ್ಕೆ ಸಿಗುತ್ತದೆ. ಗಾಳಿ ತುಂಬಿ ಹೊಡೆಯುವ ಪಿಸಿಪಿ ಬೇಕಂದರೆ ಅರ್ಧ ಲಕ್ಷ ದಾಟುವುದೂ ಉಂಟು. ಜೊತೆಗೆ ಪಂಪು, ಗುರಿ ನೋಡುವ ದುರ್ಬೀನಿನಂಥ ಸ್ಕೋಪು, ಚೀಲ, ಪೆಲೆಟ್ಟು ಅನ್ನುವ ಸಣ್ಣ ಗುಂಡು. ಗೌಡರ ಲೆಕ್ಕ ಎರಡು ವರ್ಷಕ್ಕೆ 2,70,000 ರೂಪಾಯಿ ಮುಟ್ಟಿತ್ತು.

"ನಮ್ಮದು ಹಲಗಲಿ ಸೀಮಿ ಐತ್ರಿ," ಅಂದರು ಅವರು. "ಹತಾರ ಅಂದ್ರ ನಮಗ ಜೀವ." ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 1857ರಲ್ಲಿ ಹತಾರ ಒಪ್ಪಿಸಿ ಎಂದು ಸರ್ಕಾರ ಹುಕುಂ ಹೊರಡಿಸಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಊರೇ ಸುಟ್ಟುಹೋಯಿತು. ಆ ಅಭಿಮಾನವನ್ನು ನಾನು ಹಗುರ ಮಾಡಲಿಲ್ಲ, ಮಾಡಲೂಬಾರದು. ಒಂದೇ ಮಾತು ಕೇಳಿದೆ: "ಅವರು ಜೀವ ಕೊಟ್ಟಿದ್ದು ಕೈಯಲ್ಲಿ ಇದ್ದದ್ದನ್ನ ಉಳಿಸಿಕೊಳ್ಳೋಕೆ ಅಲ್ವಾ ಗೌಡ್ರೆ? ಡಬ್ಬಿ ಒಡೆಯದ ಆ ಮೂರು ನಿಮ್ಮ ಕೈಗೆ ಬಂದಾವೇನು?"

ಅವರು ಉತ್ತರ ಕೊಡಲಿಲ್ಲ. ಆದರೆ ಮುಂದಿನ ಸಲ ಒಬ್ಬರೇ ಬಂದರು. ಮಗನ ಹಳೇ ನೋಟ್‌ಬುಕ್ಕಿನಲ್ಲಿ ನಾನು ಕೊಟ್ಟಿದ್ದ ಹೋಂವರ್ಕ್ ಮಾಡಿಕೊಂಡು ಬಂದಿದ್ದರು. ಒಂದೊಂದು ಗನ್‌ಗೂ ಒಂದು ಪುಟ. ಯಾವತ್ತು ತಗೊಂಡ್ರಿ, ಎಷ್ಟಕ್ಕೆ, ಆ ದಿನ ಮನೆಯಲ್ಲಿ ಏನು ನಡೆದಿತ್ತು, ಬಂದ ಮೇಲೆ ಎಷ್ಟು ಪೆಲೆಟ್ ಹೊಡೆದ್ರಿ. ಇಷ್ಟೇ ಪ್ರಶ್ನೆ.

ಆ ನೋಟ್‌ಬುಕ್ಕು ನನಗಿಂತ ಜಾಸ್ತಿ ಕೆಲಸ ಮಾಡಿತು. ಹನ್ನೊಂದರಲ್ಲಿ ಐದು ಬಂದದ್ದು ಕಾರ್ಖಾನೆಯ ಕಬ್ಬಿನ ಬಿಲ್ಲು ಬ್ಯಾಂಕಿಗೆ ಜಮೆ ಆದ ಹದಿನೈದು ದಿನದೊಳಗೆ. ತಿಂಗಳ ಪಗಾರ ಇರುವವರಿಗೆ ಇದು ಅಷ್ಟು ಅರ್ಥವಾಗಲಿಕ್ಕಿಲ್ಲ. ವರ್ಷವಿಡೀ ಕೈ ಬಿಗಿಹಿಡಿದು ಕೂತವನಿಗೆ ಒಮ್ಮೆಲೇ ದೊಡ್ಡ ಮೊತ್ತ ಕಂಡಾಗ, 14,000 ಅನ್ನುವುದು 14,000 ಥರ ಕಾಣುವುದೇ ಇಲ್ಲ. ಇದರಲ್ಲಿ ನಾಲ್ಕು ತಗೊಂಡದ್ದು ರಾತ್ರಿ ಹನ್ನೊಂದರ ಮೇಲೆ. ನೀರು ಬಿಡಲು ಕರೆಂಟಿಗೆ ಕಾಯುತ್ತಾ, ಹೊಲದಲ್ಲಿ ಮೊಬೈಲ್ ನೋಡುತ್ತಾ ಕೂತಾಗ. "ಒಂದೇ ಪೀಸ್ ಉಳಿದಿದೆ" ಅಂತ ಇತ್ತಂತೆ. ಎರಡು ಬಂದದ್ದು 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ. ಆಗ ಲೈಸೆನ್ಸಿನ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದಿದ್ದರು. ಗೋಡೆ ಮೇಲಿನ ಗೂಟ ಖಾಲಿ ಇತ್ತು.

ಈ ಖಾಲಿ ಗೂಟದ ಹತ್ತಿರ ನಾವು ಬಹಳ ಹೊತ್ತು ನಿಂತೆವು. ಯಾಕಂದರೆ ಮೊದಲ ಏರ್ ಗನ್ ಬಂದಾಗಲೂ ಅದು ಖಾಲಿಯೇ ಇತ್ತು. ತಂದೆ ತೀರಿಕೊಂಡಿದ್ದರು. ಲೈಸೆನ್ಸ್‌ದಾರರು ತೀರಿಕೊಂಡರೆ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರವೋ ಜಮಾ ಮಾಡಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು. ಗೌಡರಿಗೆ ಅದು ಕೈಗೆ ಬರಲು ಹದಿಮೂರು ತಿಂಗಳು ಹಿಡಿಯಿತು. "ಅಪ್ಪನ ಬೆವರು ಕುಡದು ಅದರ ಕಟ್ಟಿಗಿ ಕರ್ರಗ ಆಗೈತ್ರಿ," ಅಂದಾಗ ಅವರ ದನಿ ನಡುಗಿತು. ಆ ಹದಿಮೂರು ತಿಂಗಳಲ್ಲಿ ಮೂರು ಏರ್ ಗನ್ ಬಂದಿದ್ದವು. ಎಲ್ಲಾ ದುಃಖದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಕಬ್ಬಿನ ಬಿಲ್ಲಿನದೂ ಆ ರಾತ್ರಿಯ ಮೊಬೈಲಿನದೂ ಪಾಲು ಇದೆ. ಆದರೆ ಶುರುವಾದದ್ದು ಅಲ್ಲಿ.

ಪೆಲೆಟ್ಟಿನ ಲೆಕ್ಕ ನೋಡಿ. ಮೊದಲ ಗನ್‌ನಲ್ಲಿ ಸಾವಿರಾರು ಹೊಡೆದಿದ್ದಾರೆ. ಆರನೆಯದರಲ್ಲಿ ಒಂದು ಡಬ್ಬಿ ಪೆಲೆಟ್. ಎಂಟನೆಯದರಲ್ಲಿ ಇಪ್ಪತ್ತು ಇರಬಹುದು. ಕೊನೆಯ ಮೂರರಲ್ಲಿ ಒಂದೂ ಇಲ್ಲ. "ಹಾಗಾದ್ರೆ ಖುಷಿ ಯಾವಾಗ ಆಗ್ತಿತ್ತು?" ಅಂತ ಕೇಳಿದೆ. ಅವರು ಯೋಚನೆ ಮಾಡಿ ಹೇಳಿದರು: "ಪಾರ್ಸಲ್ ಹೊಂಟೈತಿ ಅಂತ ಮೆಸೇಜ್ ಬರ್ತೈತಲ್ರಿ, ಆವಾಗ. ಮನಿಗೆ ಬಂದು ಸಂಜಿ ಆಗೂದ್ರೊಳಗ ಎಲ್ಲಾ ತಣ್ಣಗ."

ಇದನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಸೀರೆ ಕೊಳ್ಳುವವರು, ಬೂಟು ಕೊಳ್ಳುವವರು ಎಲ್ಲರೂ ಇದನ್ನೇ ಹೇಳುತ್ತಾರೆ. ಕೆಂಟ್ ಬೆರಿಜ್ ಎಂಬ ಅಮೆರಿಕದ ಮಿದುಳು ವಿಜ್ಞಾನಿ ತೋರಿಸಿಕೊಟ್ಟಿರುವುದು ಇದನ್ನೇ. ಮಿದುಳಿನಲ್ಲಿ ಬೇಕು ಅನ್ನಿಸುವ ದಾರಿ ಬೇರೆ, ಸಿಕ್ಕ ಮೇಲೆ ಹಿತವಾಗುವ ದಾರಿ ಬೇರೆ. ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಜಾಸ್ತಿ ಕೆಲಸ ಮಾಡುವುದು ಮೊದಲನೆಯದರಲ್ಲಿ. ಅದಕ್ಕೇ ಹಿತ ಕಡಿಮೆಯಾದರೂ ಬೇಕು ಅನ್ನುವುದು ಕಡಿಮೆಯಾಗದೆ ಇರಬಹುದು. ಗೌಡರಿಗೆ ಇದನ್ನು ಹೇಳಿದಾಗ ಅವರ ಮುಖ ಸಡಿಲವಾಯಿತು. ತಮಗೇನೋ ಹುಚ್ಚು ಹಿಡಿದಿದೆ ಅಂದುಕೊಂಡಿದ್ದರಂತೆ.

ಗನ್‌ಗಳ ವಿಷಯದಲ್ಲಿ ಇನ್ನೊಂದು ಜಾರುಬಂಡಿ ಇದೆ. ಒಂದು ಕೊಂಡರೆ ಅದು ಇನ್ನೊಂದನ್ನು ಕೇಳುತ್ತದೆ. ಸ್ಪ್ರಿಂಗಿನ ಏರ್ ಗನ್ ಹಾರಿಸಿದಾಗ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಅದನ್ನು ತಡೆಯದ ಅಗ್ಗದ ಸ್ಕೋಪ್ ಒಳಗೇ ಕೆಡುತ್ತದೆ. ಗೌಡರ ನಾಲ್ಕು ಸ್ಕೋಪುಗಳಲ್ಲಿ ಎರಡು ಹೀಗೇ ಹಾಳಾದವು. ಒದೆತವೇ ಇಲ್ಲದ ಪಿಸಿಪಿ ತಗೊಂಡರೆ ಉಳಿತಾಯ ಆಗುತ್ತದೆ ಅಂತ ಲೆಕ್ಕ ಹಾಕಿ 62,000 ಕೊಟ್ಟರು. ಕೊಳ್ಳುವ ಹೊತ್ತಿಗೆ ಈ ಲೆಕ್ಕ ಬಹಳ ಸರಿ ಅನ್ನಿಸುತ್ತದೆ.

ಈಗ ಬರೆಯುವ ಮಾತನ್ನು ಯಾರೂ ಬಿಟ್ಟು ಓದಬೇಡಿ. ಮನೆಯಲ್ಲಿ ಬಂದೂಕಿದೆ, ತಲೆ ಮೇಲೆ ಸಾಲವಿದೆ, ಗುಟ್ಟು ಹೊರಬಿದ್ದು ನಾಚಿಕೆಯಾಗಿದೆ ಅಂದರೆ ನಾನು ಸುತ್ತಿ ಬಳಸದೆ ಕೇಳುತ್ತೇನೆ: ಸಾಯಬೇಕು ಅನ್ನಿಸಿದೆಯಾ? ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಗೌಡರು ಬಹಳ ಹೊತ್ತು ಸುಮ್ಮನಿದ್ದು, "ಒಂದ್ ರಾತ್ರಿ ಅನಿಸಿತ್ರಿ" ಅಂದರು. ಆವತ್ತೇ, ಅವರ ಒಪ್ಪಿಗೆಯಿಂದ, ಅವರ ಹೆಂಡತಿಗೂ ತಮ್ಮನಿಗೂ ಫೋನ್ ಮಾಡಿದೆವು. ತಂದೆಯ ಬಂದೂಕನ್ನು ಕೆಲವು ತಿಂಗಳ ಮಟ್ಟಿಗೆ ಲೈಸೆನ್ಸ್ ಇರುವ ವ್ಯಾಪಾರಿಯ ಹತ್ತಿರ ಜಮಾ ಮಾಡಿಸಿದೆವು. ಹೊಲದ ಔಷಧಿ ಡಬ್ಬಿಗಳನ್ನೂ ತಮ್ಮನ ಮನೆಗೆ ಸಾಗಿಸಿದರು. ಮನೋವೈದ್ಯರಿಗೆ ತೋರಿಸಿದೆವು. ಅವರು ಖಿನ್ನತೆ ಇದೆ ಎಂದು ಮಾತ್ರೆ ಶುರು ಮಾಡಿದರು. ಒಮ್ಮೆಲೇ ಖರ್ಚು ಏರಿದವರನ್ನು ವೈದ್ಯರಿಗೆ ತೋರಿಸಲು ಬೇರೆ ಕಾರಣಗಳೂ ಇವೆ. ನಿದ್ದೆ ಬೇಡ, ದುಡ್ಡು ನೀರು, ದೊಡ್ಡ ದೊಡ್ಡ ಮಾತು ಅಂದರೆ ಅದು ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇರಬಹುದು. ಪಾರ್ಕಿನ್ಸನ್ಸ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೊಳ್ಳುವ ಹುಚ್ಚು ಬರುವುದುಂಟು. ಹತ್ತಿರ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಖಂಡೇ ಪೂಜೆಯ ದಿನ ತಂದೆಯ ಬಂದೂಕಿನ ಪಕ್ಕದಲ್ಲಿ ಕೂತು ಗೌಡರು ಅತ್ತಿದ್ದರಂತೆ. ಈಗ ಅದನ್ನೇ ಜಮಾ ಮಾಡುವುದು ಅವರಿಗೆ ಸುಲಭವಿರಲಿಲ್ಲ. ಆದರೂ ಮಾಡಿದರು. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

ಇನ್ನು ಕೊಳ್ಳುವ ವಿಷಯ. ಹೆಂಡತಿ ಕೇಳಿದ್ದು ಸರಳ: ಎಟಿಎಂ ಕಾರ್ಡು, ಮೊಬೈಲು ಎರಡೂ ತಮ್ಮ ಕೈಗೆ ಬೇಕು. ಅವರ ಸಿಟ್ಟು ನ್ಯಾಯದ್ದೇ. ಆದರೂ ನಾನು ಪೂರ್ತಿ ಒಪ್ಪಲಿಲ್ಲ. ಹೆಂಡತಿ ಪೊಲೀಸ್ ಆದರೆ ಗಂಡ ಅಟ್ಟಕ್ಕಿಂತ ಒಳ್ಳೆಯ ಜಾಗ ಹುಡುಕುತ್ತಾನೆ. ಕಬ್ಬಿನ ಬಿಲ್ಲು ಜಮೆಯಾಗುವ ಖಾತೆಯನ್ನು ಜಂಟಿ ಮಾಡಿಸಿ, ಬಿಲ್ಲು ಬಂದ ದಿನವೇ ಫೀ, ಸೊಸೈಟಿ, ಗೊಬ್ಬರದ ದುಡ್ಡು ಬೇರೆ ತೆಗೆದಿಡಿ ಅಂದೆ. ಕಾರ್ಡಿನ ನಂಬರನ್ನು ಮೊಬೈಲಿನ ಅಂಗಡಿಗಳಿಂದ ಅಳಿಸಿ ಹಾಕಿ ಅಂದೆ. ಅಷ್ಟು ಸಾಕು.

ನಿಜವಾದ ಉಪಾಯ ಗೌಡರ ಬಾಯಿಂದಲೇ ಬಂತು. ತಂದೆಯ ಬಂದೂಕಿನ ಲೈಸೆನ್ಸಿಗೆ ಎಷ್ಟು ಅಡ್ಡಾಡಿದೆ ಎಂದು ಹೇಳುತ್ತಿದ್ದರು. ಅರ್ಜಿ, ಫೋಟೋ, ಪೊಲೀಸ್ ವಿಚಾರಣೆ, ಯಾಕೆ ಬೇಕು, ಎಲ್ಲಿ ಇಡುತ್ತೀರಿ. "ಹದಿಮೂರು ತಿಂಗಳ ಕಾಯ್ದೀನ್ರಿ. ಒಂದ್ ದಿನಾನೂ ಬ್ಯಾಡ ಅನಿಸಲಿಲ್ಲ."

"ಇವು ಹನ್ನೊಂದು?"

"ಮೂರು ದಿನಕ್ಕ ಬಂದಾವ್ರಿ."

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿದೆವು. ಸರ್ಕಾರ ಲೈಸೆನ್ಸ್ ಕೇಳದ ಗನ್‌ಗೆ ಅವರೇ ಲೈಸೆನ್ಸ್ ಕೇಳಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅರ್ಜಿ ಬರೆದೆವು. ಏನು ಬೇಕು? ಈಗಿರುವುದರಿಂದ ಆಗದ ಯಾವ ಕೆಲಸ ಇದರಿಂದ ಆಗುತ್ತದೆ? ಹಿಂದಿನದರಲ್ಲಿ ಈ ತಿಂಗಳು ಎಷ್ಟು ಹೊಡೆದಿದ್ದೀನಿ? ಎಲ್ಲಿ ಇಡುತ್ತೀನಿ? ಮನೆಯವರಿಗೆ ತೋರಿಸಿದ್ದೀನಾ? ಇವತ್ತು ಮನಸ್ಸು ಹೇಗಿದೆ? ಅರ್ಜಿ ಬರೆದು ತಾರೀಕು ಹಾಕಬೇಕು. 60 ದಿನ ಬಿಟ್ಟು ಓದಬೇಕು. ಆಗಲೂ ಬೇಕು ಅನ್ನಿಸಿದರೆ, ಸಾಲ ತೀರಿದ್ದರೆ, ಮನೆಯಿಂದ ಒಂದು ಹೊರಗೆ ಹೋದರೆ ಒಂದು ಒಳಗೆ ಬರಬಹುದು. ಅರ್ಜಿಯನ್ನು ಹೆಂಡತಿ ಓದಬಹುದು, ಆದರೆ ಪಾಸು ಮಾಡುವ, ತಿರಸ್ಕರಿಸುವ ಕೆಲಸ ಅವರದ್ದಲ್ಲ.

ಆಸೆ ಉಕ್ಕಿ ಬಂದ ಗಳಿಗೆಯಲ್ಲಿ ಏನು ಮಾಡಬೇಕು? ಅದರ ಜೊತೆ ಗುದ್ದಾಡಬೇಡಿ ಅಂದೆ. ಮೊಬೈಲ್ ಕೆಳಗಿಟ್ಟು ಕಾಲುವೆ ತನಕ ನಡೆದು ಬನ್ನಿ. ಅದು ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇಳಿದದ್ದನ್ನು ಎರಡು ಸಲ ಕಣ್ಣಾರೆ ಕಂಡವರಿಗೆ ಮೂರನೇ ಸಲ ಅಷ್ಟು ಹೆದರಿಕೆ ಇರುವುದಿಲ್ಲ.

ಹವ್ಯಾಸ ಬಿಡಿ ಅಂತ ನಾನು ಹೇಳಲೇ ಇಲ್ಲ. ಮನಸ್ಸು ಸ್ವಲ್ಪ ಹಗುರಾದ ಮೇಲೆ, ವೈದ್ಯರನ್ನೂ ಕೇಳಿ, ಒಂದೇ ಗನ್ ಆರಿಸಿಕೊಳ್ಳಿ ಅಂದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಈಗಿನ ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಗುಂಡು. ಹಿಂದೆ ಮಣ್ಣಿನ ಒಡ್ಡು ಇರುವ ಕಡೆ 10 ಮೀಟರ್ ಅಳೆದು, ಭಾನುವಾರ ಬೆಳಿಗ್ಗೆ 60 ಹೊಡೆಯಿರಿ, ಪೇಪರ್ ತಂದು ನನಗೆ ತೋರಿಸಿ ಎಂದೆ. ಹುಡುಗ ಹತ್ತಿರವಿದ್ದರೆ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಗಿಳಿ, ನವಿಲಿನ ಮೇಲೆ ಹಾರಿಸಿದರೆ 1972ರ ವನ್ಯಜೀವಿ ಕಾಯ್ದೆ ಇದೆ. ಅದು ಅವರಿಗೆ ಗೊತ್ತಿತ್ತು.

ಮೊದಲ ಭಾನುವಾರ ಅರವತ್ತರಲ್ಲಿ ಇಪ್ಪತ್ತೇಳು ಪೇಪರಿನ ಹೊರಗೆ. "ಗನ್ ಬದಲಿ ಮಾಡಿದ್ರ ಸುಧಾರಿಸ್ತೈತಿ ಅನಿಸ್ತ್ರಿ," ಅಂತ ಅವರೇ ಹೇಳಿ ಅವರೇ ನಕ್ಕರು. ಅರ್ಜಿ ಬರೆಯಿರಿ ಅಂದೆ.

ಡಬ್ಬಿ ಒಡೆಯದ ಮೂರನ್ನು ಅಂಗಡಿಯವರು ಅರ್ಧ ಬೆಲೆಗೆ ವಾಪಸ್ ತಗೊಂಡರು. ಆ ದುಡ್ಡು ನೇರ ಕಾಲೇಜಿಗೆ ಹೋಯಿತು. ಸಂಕ್ರಾಂತಿ ಹೊತ್ತಿಗೆ ಒಮ್ಮೆ ಜಾರಿದರು. ಯಾರಿಗೂ ಹೇಳದೆ 6,500ರ ಸ್ಕೋಪ್ ತರಿಸಿದರು. ಆದರೆ ಈ ಸಲ ಡಬ್ಬಿ ಅಟ್ಟಕ್ಕೆ ಹೋಗಲಿಲ್ಲ. ಅಡುಗೆಮನೆಯ ಕಟ್ಟೆ ಮೇಲೆ ಇಟ್ಟು, "ತಪ್ಪು ಮಾಡೇನಿ" ಅಂದರಂತೆ. ಹೆಂಡತಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ತಾವೇ ಕೂತು ಅದನ್ನು ವಾಪಸ್ ಕಳಿಸುವ ಚೀಟಿ ಬರೆದರು.

ನೋಟ್‌ಬುಕ್ಕಿನಲ್ಲಿ ಇಲ್ಲಿವರೆಗೆ ಐದು ಅರ್ಜಿ ಇವೆ. ನಾಲ್ಕರ ಮೇಲೆ ಗೌಡರೇ ಅಡ್ಡಗೆರೆ ಎಳೆದಿದ್ದಾರೆ. ಐದನೆಯದಕ್ಕೆ ಇವತ್ತಿಗೆ 41 ದಿನ. ಅದು ಗನ್‌ನದ್ದಲ್ಲ. ತಂದೆಯ ಬಂದೂಕನ್ನು ಇಡಲು ಬೀಗವಿರುವ ಕಬ್ಬಿಣದ ಪೆಟ್ಟಿಗೆ ಮಾಡಿಸಬೇಕಂತೆ. ವೈದ್ಯರು ಸರಿ ಅಂದ ಮೇಲೆ ಬಂದೂಕು ಮನೆಗೆ ಬರಬಹುದು, ಕೀಲಿ ಮಾತ್ರ ತಮ್ಮನ ಹತ್ತಿರ ಇರಲಿ ಎಂದು ಅವರೇ ಬರೆದಿದ್ದಾರೆ. ಮುಂದಿನ ಭೇಟಿಯನ್ನು ಕಬ್ಬಿನ ಬಿಲ್ಲು ಜಮೆಯಾಗುವ ವಾರಕ್ಕೇ ಇಟ್ಟುಕೊಂಡಿದ್ದೇವೆ.