ಅಮೆರಿಕದ ಅಂಗವಿಕಲ ಮಾಜಿ ಸೈನಿಕರ ಭತ್ಯೆಯನ್ನು ಮನೆಯವರು ನಿರ್ವಹಿಸಬಹುದೇ?

ಅಣ್ಣನ ಪವರ್ ಆಫ್ ಅಟಾರ್ನಿ ನಿಮ್ಮ ಹೆಸರಿನಲ್ಲಿದ್ದರೆ ಅವರ ಭತ್ಯೆಯನ್ನು ನೀವೇ ಪಡೆದು ಖರ್ಚು ಮಾಡಬಹುದೇ ಎಂದು ಕೇಳಿದ್ದೀರಿ. ಅದು ಸಾಲದು; ಮಾಜಿ ಸೈನಿಕರ ಭತ್ಯೆ ನೀಡುವ ವೆಟರನ್ಸ್ ಅಫೇರ್ಸ್ ಇಲಾಖೆಯೇ ನಿಮ್ಮನ್ನು ಫಿಡ್ಯೂಷಿಯರಿಯಾಗಿ, ಅಂದರೆ ಭತ್ಯೆಯ ನಿರ್ವಾಹಕರಾಗಿ, ನೇಮಿಸಬೇಕು.

ಅಂಗವೈಕಲ್ಯವಿದೆ ಎಂದ ಮಾತ್ರಕ್ಕೆ ನಿರ್ವಾಹಕರನ್ನು ನೇಮಿಸುವುದಿಲ್ಲ. ಹಣಕಾಸನ್ನು ಸ್ವತಃ ನೋಡಿಕೊಳ್ಳಲು ಮಾಜಿ ಸೈನಿಕರು ಅಸಮರ್ಥರೆಂದು ವೈದ್ಯಕೀಯ ದಾಖಲೆಗಳಿಂದ ಅಥವಾ ನ್ಯಾಯಾಲಯದ ತೀರ್ಮಾನದಿಂದ ಕಂಡುಬಂದಾಗ ಇಲಾಖೆ ಮೊದಲು ನೋಟಿಸ್ ಕೊಡುತ್ತದೆ. ಅದನ್ನು ಅಲ್ಲಗಳೆಯುವ ಪುರಾವೆ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ. ಯಾರು ನಿರ್ವಾಹಕರಾಗಬೇಕೆಂಬ ವಿಷಯದಲ್ಲಿ ಮಾಜಿ ಸೈನಿಕರ ಸ್ವಂತ ಇಚ್ಛೆಗೇ ಮೊದಲ ಮನ್ನಣೆ, ಆಮೇಲೆ ಪತಿ ಅಥವಾ ಪತ್ನಿಗೆ, ಬಂಧುಗಳಿಗೆ. ಅಭ್ಯರ್ಥಿಯ ಸಂದರ್ಶನ, ಸಾಲದ ಇತಿಹಾಸ ಮತ್ತು ಅಪರಾಧ ಹಿನ್ನೆಲೆಯ ತಪಾಸಣೆ ಸಾಮಾನ್ಯವಾಗಿ ನಡೆಯುತ್ತವೆ.

ಮನೆಯವರು ಎಡವುವುದು ನೇಮಕದ ನಂತರವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹಣ ಅಣ್ಣನದು, ಅದು ಅವರ ಮತ್ತು ಅವರ ಅವಲಂಬಿತರ ಅಗತ್ಯಗಳಿಗೇ ವೆಚ್ಚವಾಗಬೇಕು. ಪತಿ-ಪತ್ನಿಯರಿಗೆ ವಿನಾಯಿತಿಯಿದೆಯಾದರೂ ಉಳಿದ ಬಂಧುಗಳು ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟು, ರಸೀದಿಗಳನ್ನು ಕಾಪಾಡಿ, ಇಲಾಖೆ ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಆ ಹಣದಿಂದ ಕೈಸಾಲ ತೆಗೆದುಕೊಳ್ಳುವುದು, ತಿರುಗಿ ಕೊಡುವ ಉದ್ದೇಶವಿದ್ದರೂ, ನಿಷಿದ್ಧ. ದುರುಪಯೋಗ ಸಾಬೀತಾದರೆ ಜೈಲು ಶಿಕ್ಷೆಯೂ ಆಗಬಹುದು.

ಅಣ್ಣನಿಗೆ ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಸಾಮಾಜಿಕ ಭದ್ರತಾ ಯೋಜನೆ) ಹಣವೂ ಬರುತ್ತಿದ್ದರೆ, ಈ ನೇಮಕ ಅದಕ್ಕೆ ಅನ್ವಯಿಸುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ.